ಲೋನೇ ಇಲ್ಲಂದ್ರ ಈ ಅಕೌಂಟ್ ಯಾಕ ಬೇಕ್ರಿ?

ಪ್ರೀಮಿಯಂ ಅಕೌಂಟ್ ತಗೋರಿ, ಹೋಂ ಲೋನ್ ಫೈಲ್ ಲಗೂನ ಮುಂದ ಹೋಗ್ತದ ಅಂತ ಬ್ಯಾಂಕಿನವ್ರು ಹೇಳಿದ್ರು, ತಿಂಗಳಾ ಫೀಸು, ಅದ್ರ ಮ್ಯಾಲ 18% ಜಿಎಸ್‌ಟಿ ಬ್ಯಾರೆ. ಕಡೀಕ ನೋಡಿದ್ರ ಸೇಡಂ ರೋಡಿನ ನಮ್ಮ ಪ್ಲಾಟಿಂದು ಬಿ ಖಾತಾ (ಪೂರಾ ಮಂಜೂರಿ ಇಲ್ಲದ ಜಾಗಾದ ಖಾತಾ) ಅದ, ಲೋನ್ ಆಗಂಗಿಲ್ಲ ಅಂದ್ರು. ಖಾತಾ ಕಾಗದ ಮೊದಲ್ನೇ ದಿನಾನೇ ಕೊಟ್ಟಿದ್ದೆ, ಆವಾಗ ನೋಡ್ಲಾಕ ಏನಾಗಿತ್ತು ಇವ್ರಿಗಿ!

ಬಂದ್ ಮಾಡ್ಲಾಕ ಹೋದ್ರ ಮ್ಯಾನೇಜರ್ ಚಾ ತರ್ಸಿ, "ಇನ್ನೊಂದ್ ವರ್ಷ ಇಟ್ಕೋರಿ ಸರ್" ಅಂತಾರ. ಚಾ ಕುಡದೆ, ಫಾರ್ಮ್ ತುಂಬಿ ಕೊಟ್ಟೆ.

ನೀವೂ ಬಂದ್ ಮಾಡೋರಿದ್ರ ಮೊದಲ ಪಗಾರ, ಯುಪಿಐ, ಎಲ್‌ಐಸಿ ಕಂತು ಬ್ಯಾರೆ ಅಕೌಂಟಿಗಿ ಹಚ್ರಿ, ಅರ್ಜಿ ಕಾಪಿ ಮ್ಯಾಲ ಸೀಲ್ ಹಾಕಿಸ್ಕೋರಿ. ಸತಾಯಿಸಿದ್ರ ಬರದು ಕಂಪ್ಲೇಂಟ್ ಕೊಡ್ರಿ, 30 ದಿನಾದ್ರೂ ಜವಾಬ್ ಇಲ್ಲಂದ್ರ ಬ್ಯಾಂಕ್ ಮ್ಯಾಲಿನ ದೂರು ನೋಡೋ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಾಗೇ ಹಾಕ್ಲಾಕ ಬರ್ತದ, ಅದಕ್ಕ ಫೀಸ್ ಇಲ್ರಿ.