‘ಮೊದಲಿನ ಥರಾನೇ’ ಅನ್ನೋ ಉತ್ತರ
ಕೊರೊನಾ ಕಾಲದಲ್ಲಿ ಆತಂಕ ವಲಸೆ ಬಂದ ಹಿರಿಯರಿಗೆ ಹೆಚ್ಚೋ, ಅಲ್ಲೇ ಹುಟ್ಟಿದವರಿಗೋ? ಅಳೆಯೋದು ಅಷ್ಟು ಸಲೀಸಲ್ಲ. ಯುರೋಪಿನ ‘ಶೇರ್’ ಸಮೀಕ್ಷೆ 2020ರ ಬೇಸಿಗೆಯಲ್ಲಿ 50 ದಾಟಿದವರಿಗೆ ಫೋನ್ ಮಾಡಿ ಎರಡು ಹಂತದಲ್ಲಿ ಕೇಳಿತು: ಕಳೆದ ತಿಂಗಳು ಆತಂಕ ಆಗಿತ್ತಾ? ಹೌದಾದರೆ, ಕೊರೊನಾಗೆ ಮೊದಲಿಗಿಂತ ಹೆಚ್ಚೋ, ಕಡಿಮೆಯೋ, ಅಷ್ಟೇನೋ?

ಎಡವಟ್ಟಾಗೋದು ಎರಡನೇ ಪ್ರಶ್ನೆಯಲ್ಲಿ. ಪರಊರಲ್ಲಿ ವರ್ಷಗಳಿಂದ ನಿದ್ದೆಗೆಟ್ಟವರು ‘ಅಷ್ಟೇ’ ಅಂತಾರೆ. ಬರೀ ಈ ಎರಡನೇ ಉತ್ತರವನ್ನೇ ಎಣಿಸಿದರೆ ಅವರು ನೆಮ್ಮದಿಯಾಗಿದ್ದ ಹಾಗೆ ಕಾಣುತ್ತೆ! ಎರಡೂ ಉತ್ತರ ಬೇರೆಬೇರೆ ಓದಬೇಕು. ಜೊತೆಗೆ ವಯಸ್ಸು, ಶುಗರ್-ಬಿಪಿ, ಒಂಟಿವಾಸ, ಆದಾಯ ಇವೆಲ್ಲ ಒಂದೇ ಥರ ಇರೋರನ್ನೇ ಹೋಲಿಸಬೇಕು. ಇಲ್ಲದಿದ್ದರೆ ಬಡತನದ ಭಯ ವಲಸೆಯ ಖಾತೆಗೆ ಬೀಳುತ್ತೆ.

ನಮ್ಮ ಮೈಸೂರಲ್ಲೇ ನೋಡಿ. ‘ಆತಂಕ ಇದೆಯಾ ಅಜ್ಜಿ?’ ಅಂದ್ರೆ ‘ಏನಿಲ್ಲ ಕಣಪ್ಪ’. ‘ರಾತ್ರಿ ಎಷ್ಟು ಸಲ ಎಚ್ಚರ ಆಗುತ್ತೆ, ಎದೆ ಡವಡವ ಅನ್ನುತ್ತಾ?’ ಅಂದ್ರೆ ಮಾತು ಹೊರಡುತ್ತೆ. ಬೈಲಕುಪ್ಪೆಯ ಟಿಬೆಟನ್ ಹಿರಿಯರನ್ನು ಅವರ ಭಾಷೆಯಲ್ಲೇ ಕೇಳಬೇಕು. ಮಗ ಅನುವಾದಿಸಿದರೆ ಅರ್ಧ ಅವನದೇ ಉತ್ತರ. ಸ್ಪೀಕರ್ ಆನ್ ಇದ್ರಂತೂ ಸೊಸೆ ಎದುರು ಯಾರು ಬಾಯಿ ಬಿಡ್ತಾರೆ?

ಚಿಂತೆಯ ಬಗೆಯೂ ಬೇರೆ. ಮಂಡ್ಯದಲ್ಲೇ ಹುಟ್ಟಿದ ಅಜ್ಜನಿಗೆ ಬೆಡ್ ಸಿಗುತ್ತಾ, ಕಟಾವಿಗೆ ಬಂದ ಕಬ್ಬು ಏನಾಗುತ್ತೆ ಅನ್ನೋದು. ಹೊರಗಿಂದ ಬಂದವರಿಗೆ ಅದರ ಮೇಲೆ ಇನ್ನೊಂದಿಷ್ಟು: ನೋವು ಎಲ್ಲಿ ಅಂತ ಡಾಕ್ಟರಿಗೆ ಯಾವ ಭಾಷೇಲಿ ಹೇಳೋದು, ಹೆಚ್ಚುಕಡಿಮೆ ಆದ್ರೆ ಮಣ್ಣು ಯಾವ ಊರಲ್ಲಿ.