ಒಂದು ಕಡಿತ, ಎರಡು ಲೆಕ್ಕ

ಆ ಹಾಲು ಹಾಕುವ ಹುಡುಗನಿಗೆ ಒಂದೇ ವರ್ಷದಲ್ಲಿ ಎರಡು ಸಲ ನಾಯಿ ಕಚ್ಚಿತ್ತು. ನನ್ನ ಲೆಕ್ಕದಲ್ಲಿ ಮೂರು ಸಲ. ಆ ಮೂರನೆಯದನ್ನು ಕಚ್ಚಿಸಿದವಳು ನಾನೇ.

ಒಂದು ತಾಲ್ಲೂಕು ಆಸ್ಪತ್ರೆಯ ನಾಯಿ ಕಡಿತದ ಪಟ್ಟಿ ನನ್ನ ಕೈಗೆ ಬಂದಿತ್ತು. ಏಪ್ರಿಲ್‌ನಿಂದ ಮಾರ್ಚ್‌ವರೆಗೆ, ಎಕ್ಸೆಲ್ ಫೈಲ್. ಹೆಸರು, ವಯಸ್ಸು, ಊರು, ಮೊಬೈಲ್ ನಂಬರ್, ಬಂದ ತಾರೀಕು. ಎಷ್ಟನೇ ಡೋಸ್ ಅನ್ನುವ ಕಾಲಂ ಇರಲಿಲ್ಲ. ಈ ವರ್ಷ ಹೊಸ ಕಡಿತ ಎಷ್ಟು ಅಂತ ಹೇಳಬೇಕಿತ್ತು, ಅಷ್ಟೇ. ಸಾಲು ಎಣಿಸಿದರೆ ಆಗುವುದಿಲ್ಲ, ಒಂದೇ ಕಡಿತಕ್ಕೆ ಒಬ್ಬರು ನಾಲ್ಕು ಸಲ ಬರುತ್ತಾರೆ. ತಲೆ ಎಣಿಸಿದರೂ ಆಗುವುದಿಲ್ಲ, ನಾಯಿಗೇನು, ಕಚ್ಚಿದವರನ್ನೇ ಮತ್ತೆ ಕಚ್ಚಬಹುದು.

ಇದಕ್ಕೆ ಡೇಟಾ ಲೆಕ್ಕ ಹಾಕುವ ನಾವು ಮಾಡುವ ಕೆಲಸ ಹೀಗಿರುತ್ತದೆ. ಒಬ್ಬೊಬ್ಬರ ತಾರೀಕುಗಳನ್ನು ಸಾಲಾಗಿ ಜೋಡಿಸಬೇಕು. ಹಿಂದಿನ ಸಲ ಬಂದು ಎಷ್ಟು ದಿನ ಆಯಿತು ಅಂತ ಕಳೆಯಬೇಕು. ಅಂತರ ಇಷ್ಟು ದಿನಕ್ಕಿಂತ ಜಾಸ್ತಿ ಇದ್ದರೆ ಹೊಸ ಕಡಿತ, ಅಲ್ಲಿ 1 ಹಾಕಬೇಕು. ಮೊದಲ ಭೇಟಿಗೆ ಹೇಗೂ 1. ಆ ಒಂದುಗಳನ್ನು ಕೂಡಿಸಿದರೆ ಲೆಕ್ಕ ಮುಗಿಯಿತು. ಆದರೆ ‘ಇಷ್ಟು ದಿನ’ ಅಂದರೆ ಎಷ್ಟು? ನಾನು 14 ಇಟ್ಟೆ. ಯಾಕೆ 14 ಅಂದರೆ, ಹಿಂದೊಮ್ಮೆ ಜ್ವರದ ಡೇಟಾಗೆ ಅದನ್ನೇ ಇಟ್ಟಿದ್ದೆ, ಸರಿಹೋಗಿತ್ತು. ಸುಮ್ನೆ ಅಲ್ಲಿಂದ ಎತ್ತಿ ಇಲ್ಲಿ ಹಾಕಿದ್ದೆ.

ಅದಕ್ಕೂ ಮೊದಲು ತಾರೀಕುಗಳ ಕಾಟ. ನನ್ನ ಲ್ಯಾಪ್‌ಟಾಪ್ ಅಮೆರಿಕದ ಪದ್ಧತಿಯಲ್ಲಿತ್ತು, ತಿಂಗಳು ಮೊದಲು, ದಿನ ಆಮೇಲೆ. ಹುಡುಗ ಬಂದಿದ್ದು ಜೂನ್ 3, 6, 10, ಜುಲೈ 1, ಆಮೇಲೆ ನವೆಂಬರ್ 15 ಮತ್ತು 18. ಎಕ್ಸೆಲ್ 03/06 ಅನ್ನು ಮಾರ್ಚ್ 6 ಮಾಡಿತು, 10/06 ಅಕ್ಟೋಬರ್ 6 ಆಯಿತು, 01/07 ಜನವರಿ 7. 15/11 ಅಂದರೆ ಅದಕ್ಕೆ 15ನೇ ತಿಂಗಳು, ಅಂಥದ್ದು ಇಲ್ಲವಲ್ಲ, ಹಾಗಾಗಿ ಬರೀ ಅಕ್ಷರ ಅಂದುಕೊಂಡು ಎಡಕ್ಕೆ ಒರಗಿಸಿ ಕೂರಿಸಿತು. ಕಾಲಂನಲ್ಲಿ ಕೆಲವು ತಾರೀಕು ಎಡಕ್ಕೆ, ಕೆಲವು ಬಲಕ್ಕೆ ನಿಂತಿದ್ದರಿಂದಲೇ ನನಗೆ ಅನುಮಾನ ಬಂದಿದ್ದು. ಸರಿ ಮಾಡುವಷ್ಟರಲ್ಲಿ ಒಂದು ದಿನ ಹೋಯಿತು.

ಕೊನೆಗೆ ಬಂದ ಸಂಖ್ಯೆಯನ್ನು ತೋರಿಸಲು ಆಸ್ಪತ್ರೆಗೆ ಹೋದೆ. ಇಂಜೆಕ್ಷನ್ ರೂಮಿನ ಸಿಸ್ಟರ್ ಪಟ್ಟಿಯ ಮೇಲೆ ಬೆರಳಾಡಿಸಿ ಹಾಲಿನ ಹುಡುಗನ ಸಾಲಿನಲ್ಲಿ ನಿಲ್ಲಿಸಿದರು.

“ಮೇಡಂ, ಜುಲೈ ಒಂದಕ್ಕೆ ಹೊಸ ಕಡಿತ ಅಂತ ಯಾಕೆ ಹಾಕಿದೀರ? ಅವ್ನು ನಾಲ್ಕನೇದಕ್ಕೆ ಬಂದಿರೋದು.”

ಗೋಡೆಯ ಮೇಲೆ ದೊಡ್ಡದಾಗಿ ಬರೆದಿತ್ತು: 0, 3, 7, 28. ತೋಳಿನ ಚರ್ಮಕ್ಕೆ ಚುಚ್ಚುವ ರೇಬೀಸ್ ಲಸಿಕೆಯ ದಿನಗಳು, ಮೊದಲ ಡೋಸ್‌ನ ದಿನವೇ 0. ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ 21 ದಿನ. ನಾನು 14ಕ್ಕೇ ಗೆರೆ ಎಳೆದಿದ್ದೆ. ತಪ್ಪದೆ ನಾಲ್ಕನೇ ಡೋಸ್ ಹಾಕಿಸಿಕೊಂಡ ಪ್ರತಿಯೊಬ್ಬರನ್ನೂ ನಾನು ಇನ್ನೊಮ್ಮೆ ನಾಯಿ ಬಾಯಿಗೆ ಕೊಟ್ಟಿದ್ದೆ. ಹೊಕ್ಕುಳ ಸುತ್ತ ದಿನಾ ಒಂದರಂತೆ 14 ಇಂಜೆಕ್ಷನ್ ಹಾಕುತ್ತಿದ್ದ ಹಳೇ ಕಾಲದ ಡೇಟಾ ಆಗಿದ್ದರೆ ನನ್ನ ಲೆಕ್ಕ ಸರಿಯಾಗಿರುತ್ತಿತ್ತು!

ಹಾಗಾದರೆ 30 ಇಡೋಣ ಅಂದೆ. ನಾಲ್ಕನೆಯದಕ್ಕೆ ತಡವಾಗಿ ಬಂದವರೂ ಸೇರುತ್ತಾರೆ. ಸಿಸ್ಟರ್ ಇನ್ನೊಂದು ಸಾಲು ತೋರಿಸಿದರು. ಮೂರು ಡೋಸ್ ಆದ ಮೇಲೆ 24 ದಿನ ಬಿಟ್ಟು ಬಂದಿದ್ದ ಒಬ್ಬ ಹಿರಿಯರು. 30 ಇಟ್ಟರೆ ಅವರದು ಒಂದೇ ಕಡಿತ ಆಗುತ್ತಿತ್ತು.

“ಇವ್ರಿಗೆ ನಿಜವಾಗ್ಲೂ ಮತ್ತೆ ಕಚ್ಚಿತ್ತು. ಮುಂದಿನ ತಾರೀಕು ನೋಡಿ, ಮೂರು ದಿನಕ್ಕೆ ಮತ್ತೆ ಬಂದಿದಾರಲ್ಲ. ನಾಲ್ಕನೇದಕ್ಕೆ ಬಂದೋರು ಮೂರು ದಿನ ಬಿಟ್ಟು ಮತ್ತೆ ಯಾಕೆ ಬರ್ತಾರೆ?”

ನಾನು ಎರಡು ದಿನದಿಂದ ಪ್ರತಿ ತಾರೀಕಿಗೂ ಹಿಂದೆ ಏನಿದೆ ಅಂತ ಮಾತ್ರ ನೋಡುತ್ತಿದ್ದೆ. ಇವರು ಮುಂದೆ ಏನಿದೆ ಅಂತ ನೋಡಿದರು. ಹೊಸ ಕಡಿತ ಯಾವಾಗಲೂ 0, 3 ಅಂತಲೇ ಶುರುವಾಗುತ್ತದೆ. ಮೊದಲೇ ಪೂರ್ತಿ ಹಾಕಿಸಿಕೊಂಡವರಿಗೆ ಮತ್ತೆ ಕಚ್ಚಿದರೂ ಅಷ್ಟೇ, ಅವರಿಗೆ ಆ ಎರಡೇ ಡೋಸ್ ಸಾಕು. ಹುಡುಗನ ನವೆಂಬರ್ 15, 18 ಅದೇ. ಅಲ್ಲೇ ಕೂತು ಫಾರ್ಮುಲಾ ಬದಲಿಸಿದೆ. 14 ದಿನಕ್ಕಿಂತ ಜಾಸ್ತಿ ಅಂತರ ಇದ್ದು, ಆಮೇಲೆ ಮೂರು ದಿನದ ಆಸುಪಾಸಿನಲ್ಲಿ ಇನ್ನೊಂದು ಭೇಟಿ ಇದ್ದರೆ ಹೊಸದು. ಹಿಂದೆ ಮೂರು ಡೋಸ್ ಆಗಿ, 21 ದಿನದ ಹತ್ತಿರ ಬಂದು, ಆಮೇಲೆ ಸುದ್ದಿಯೇ ಇಲ್ಲದಿದ್ದರೆ ನಾಲ್ಕನೆಯದು.

ಏಪ್ರಿಲ್ ಮೊದಲ ವಾರ ಒಂದೇ ಸಲ ಬಂದವರಲ್ಲೂ ಹಲವರು ಹೊಸಬರಲ್ಲ, ಮಾರ್ಚ್‌ನಲ್ಲಿ ಕಚ್ಚಿಸಿಕೊಂಡವರು. ಅದಕ್ಕೆ ಹಿಂದಿನ ತಿಂಗಳ ರಿಜಿಸ್ಟರ್ ಕೇಳಿ ತೆಗೆದುಕೊಂಡೆ.

ಆದರೂ ಒಂದಷ್ಟು ಸಾಲು ಉಳಿದವು. ವರ್ಷದ ನಡುವೆ ಒಂದೋ ಎರಡೋ ಮೂರೋ ಸಲ ಬಂದು ಆಮೇಲೆ ಬಾರದವರು. ಕೆಲವರು ಬೇರೆ ಕಡೆ ಹಾಕಿಸಿಕೊಂಡಿರಬಹುದು. ಮನೆ ನಾಯಿ ಕಚ್ಚಿ, 10 ದಿನ ಆದರೂ ಅದು ಗಟ್ಟಿಮುಟ್ಟಾಗಿದ್ದರೆ ಮುಂದಿನ ಡೋಸ್ ಬೇಡ ಅಂತ ಡಾಕ್ಟರೇ ಹೇಳುವುದೂ ಉಂಟು. ಇವರನ್ನೆಲ್ಲ ‘ಅಪೂರ್ಣ’ ಅಂತ ಒಂದು ಗುಂಪಿಗೆ ಹಾಕಿ ಫೈಲ್ ಮುಚ್ಚಲು ಹೊರಟೆ.

“ಅದನ್ನ ನನಗೆ ಪ್ರಿಂಟ್ ತೆಗೆದುಕೊಡಿ,” ಅಂದರು ಸಿಸ್ಟರ್. ನಾನು ಬ್ಯಾಗ್ ಎತ್ತಿಕೊಳ್ಳುವಾಗ ಅವರು ಮೊದಲ ನಂಬರ್ ಒತ್ತಿದ್ದರು. “ಹಲೋ, ಆಸ್ಪತ್ರೆಯಿಂದ ಮಾತಾಡ್ತಿರೋದು. ಆ ನಾಯಿ ಇದೆಯೇನಪ್ಪಾ ಇನ್ನೂ?”