ಕೆಮ್ಮಣ್ಣಿನ ಮೇಲೆ ಅಕ್ಕಿಯ ಬಿಳಿ

ಜಲವರ್ಣದವರು ಬಿಳಿಯನ್ನು ಬಳಿಯುವುದಕ್ಕಿಂತ ಉಳಿಸಿಕೊಳ್ಳುವುದೇ ಹೆಚ್ಚು. ಮೋಡವೋ ನೀರಿನ ಮೇಲಿನ ಹೊಳಪೋ ಬೇಕಾದ ಕಡೆ ಕಾಗದವನ್ನು ಹಾಗೆಯೇ ಬಿಟ್ಟು, ಸುತ್ತಲಿನ ತೆಳುಬಣ್ಣಗಳಿಂದ ಅದನ್ನು ಎತ್ತಿ ತೋರಿಸುವುದು ನನ್ನ ಕೈಗೆ ಬಹುಕಾಲದಿಂದ ರೂಢಿಯಾಗಿದೆ. ಶಿವಮೊಗ್ಗ ಜಿಲ್ಲೆಯ ಸಾಗರ ಸೀಮೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಮದುವೆಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರವನ್ನು ಕಲಿಸುವ ಕಾರ್ಯಾಗಾರಕ್ಕೆ ಸೇರಿದಾಗ ಈ ಲೆಕ್ಕವೆಲ್ಲ ತಿರುಗುಮುರುಗಾಯಿತು. ಇಲ್ಲಿ ನೆಲೆ ಕೆಮ್ಮಣ್ಣಿನದು, ಅದರ ಮೇಲೆ ಬರೆಯುವ ಬಣ್ಣವೇ ಬಿಳಿ.

ಕಲಿಸಲು ಬಂದಿದ್ದ ಹಿರಿಯ ಚಿತ್ತಾರಗಿತ್ತಿಯವರು ಮೊದಲು ಕುಂಚವನ್ನು ಕೊಡದೆ ಅಕ್ಕಿಯನ್ನು ಕೊಟ್ಟರು. ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದು ಬಟ್ಟೆಯಲ್ಲಿ ಸೋಸಿದರೆ ಬಿಳಿ. ಅದೇ ಅಕ್ಕಿಯನ್ನು ಕಪ್ಪಗೆ ಸೀಯುವವರೆಗೆ ಹುರಿದು, ನೀರು ಸೇರಿಸಿ ಅರೆದರೆ ಕಪ್ಪು. ಹಳದಿಗೆ ಗುರಿಗೆ ಕಾಯಿ, ಕೆಂಪಿಗೆ ಕೆಮ್ಮಣ್ಣು. ಗದ್ದೆ, ಕಾಡು, ಅಡುಗೆಮನೆಗಳಿಂದ ಬಂದ ಈ ನಾಲ್ಕು ಬಣ್ಣಗಳಿಗೆ ಕುಂಚವೂ ಅಲ್ಲಿಂದಲೇ ಬರುತ್ತದೆ: ಪುಂಡಿ ನಾರನ್ನು ಬೇಕಾದ ದಪ್ಪಕ್ಕೆ ಸೀಳಿ, ತುದಿಯನ್ನು ಹದಗೊಳಿಸಿಕೊಂಡರೆ ಆಯಿತು.

ಅಕ್ಕಿಯ ಬಿಳಿಗೆ ಒಂದು ಗುಣವಿದೆ. ಹಸಿಯಿರುವಾಗ ಅದು ಮಣ್ಣಿನ ಮೇಲೆ ಮಬ್ಬಾಗಿ, ಇದೆಯೋ ಇಲ್ಲವೋ ಎಂಬಂತೆ ಕಾಣುತ್ತದೆ. ಒಣಗುತ್ತ ಹೋದ ಹಾಗೆ ಬೆಳಗುತ್ತದೆ. ಜಲವರ್ಣ ಒಣಗಿದಾಗ ಮಸುಕಾಗುತ್ತದೆಂದು ಅಂದಾಜು ಹಾಕಿ ತುಸು ಗಾಢವಾಗಿಯೇ ಬಳಿಯುವ ನಮಗೆ ಇದು ನೇರ ವಿರುದ್ಧದ ಪಾಠ. ಕಣ್ಣಿಗೆ ಕಾಣುವುದನ್ನು ನಂಬಿ ಮತ್ತೊಂದು ಪದರ ಎಳೆಯುವ ಬದಲು, ಹಿಟ್ಟಿನ ತೆಳುಪನ್ನು ಬೆರಳಿನಿಂದಲೇ ತಿಳಿದು, ಒಂದೇ ಎಳೆತದಲ್ಲಿ ಗೆರೆಯನ್ನು ಮುಗಿಸಿ ಕಾಯಬೇಕು. ಅಕ್ಕಿಹಿಟ್ಟನ್ನು ಕಲಸಿ ಹೊಸಿಲಿಗೆ ರಂಗೋಲಿ ಬಿಡುವವರಿಗೆ ಈ ತಾಳ್ಮೆ ಚೆನ್ನಾಗಿ ಗೊತ್ತಿರುತ್ತದೆ.

ನಾರಿನ ಕುಂಚವನ್ನು ಒತ್ತಿದರೆ ಗೆರೆ ಅಗಲವಾಗುವುದಿಲ್ಲ, ಬಣ್ಣ ಹರಡಿಬಿಡುತ್ತದೆ. ಆದ್ದರಿಂದ ಮಣಿಕಟ್ಟನ್ನು ಮರೆತು, ಇಡೀ ತೋಳನ್ನು ಸಮನಾಗಿ ಸರಿಸಬೇಕಾಗುತ್ತದೆ. ಚಿತ್ತಾರದ ಸೌಂದರ್ಯವೆಲ್ಲ ಒಂದರ ಪಕ್ಕ ಒಂದು ಹೊಂದಿ ನಡೆಯುವ ಎಳೆಗಳಲ್ಲಿದೆ. ಅವು ಹೆಣೆದುಕೊಂಡು ಅಂಚಾಗಿ, ಚೌಕವಾಗಿ, ನಿಲಿ, ಜೋಗಿ ಜಡೆ ಎಂಬ ವಿನ್ಯಾಸಗಳಾಗಿ ಬೆಳೆಯುತ್ತವೆ. ನೆರಳು, ದೂರ, ಬೆಳಕಿನ ದಿಕ್ಕು ಎಂಬ ನನ್ನ ಎಂದಿನ ಆಸರೆಗಳು ಇಲ್ಲಿ ಯಾವುದಕ್ಕೂ ಬೇಕಾಗಲಿಲ್ಲ. ಎರಡು ಎಳೆಗಳ ನಡುವೆ ಉಳಿಯುವ ಕೆಮ್ಮಣ್ಣಿನ ಪಟ್ಟಿ ಎಳೆಯಷ್ಟೇ ಮುಖ್ಯವೆಂದು ಗಮನಕ್ಕೆ ಬಂದಾಗ ಮಾತ್ರ, ಖಾಲಿ ಜಾಗವನ್ನು ಕಾಯುವ ನನ್ನ ಹಳೆಯ ಅಭ್ಯಾಸ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ ಎಂಬ ಸಂತೋಷವಾಯಿತು.

ಇಂಥ ಶಿಬಿರಗಳಲ್ಲಿ ಸಮಯ ಉಳಿಸಲೆಂದು ಅಕ್ರಿಲಿಕ್ ಬಣ್ಣವನ್ನೂ ಅಂಗಡಿಯ ಕುಂಚವನ್ನೂ ಕೊಡುವುದುಂಟು. ಚಿತ್ರ ಬಾಳಿಕೆ ಬರುತ್ತದೆ ಎಂಬ ಮಾತು ನಿಜವೇ. ಮಾರಾಟಕ್ಕೆಂದು ಬರೆಯುವ ಕಲಾವಿದೆಯರಿಗೆ ಅದರ ಅಗತ್ಯವೂ ಇದೆ. ಆದರೆ ಕಲಿಯಲು ಬಂದವರಿಗೆ ಅದು ಸಲ್ಲದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಗೆರೆ ಏಕೆ ಅಷ್ಟು ತೆಳು, ಎಳೆತ ಏಕೆ ಅಷ್ಟು ನಿಧಾನ, ಬಣ್ಣಗಳು ಏಕೆ ಇಷ್ಟೇ ಎಂಬ ಪ್ರಶ್ನೆಗಳಿಗೆಲ್ಲ ಉತ್ತರವಿರುವುದು ಆ ಅಕ್ಕಿ ಮತ್ತು ನಾರಿನಲ್ಲಿ. ಅವನ್ನು ಬದಲಿಸಿದರೆ ಕೈಗೆ ಸಿಗುವುದು ವಿನ್ಯಾಸದ ನಕಲು ಮಾತ್ರ.

ಈಗ ಮನೆಯಲ್ಲಿ ಚದರ ಮೀಟರಿಗೆ 300 ಗ್ರಾಂ ತೂಗುವ ಜಲವರ್ಣದ ಕಾಗದಕ್ಕೆ ಕೆಮ್ಮಣ್ಣು ಬಳಿದು ಅಭ್ಯಾಸ ಮಾಡುತ್ತಿದ್ದೇನೆ. ಒರಟು ಮೈಯ ಕಾಗದ ಹಿಟ್ಟನ್ನು ಚೆನ್ನಾಗಿ ಹಿಡಿಯುತ್ತದೆ. ಮುಂದೆ ಕಲಿಯಬೇಕಾದದ್ದು ಭೂಮಣ್ಣಿ ಬುಟ್ಟಿ: ಭೂಮಿ ಹುಣ್ಣಿಮೆಯಂದು ತೆನೆಗಟ್ಟುವ ಗದ್ದೆಗೆ ಬಯಕೆಯ ಅಡುಗೆಯನ್ನು ಒಯ್ಯಲು ಬರೆಯುವ ಆ ಬುಟ್ಟಿಯಲ್ಲಿ ಮೈಯೇ ಬಾಗಿರುವುದರಿಂದ, ಹೊರಟ ಎಳೆ ಸುತ್ತಿ ಬಂದು ಹೊರಟಲ್ಲಿಗೇ ಕೂಡಬೇಕು. ಅದನ್ನು ಗೀಟುಕೋಲಿಲ್ಲದೆ, ಬುಟ್ಟಿಯನ್ನು ತೊಡೆಯ ಮೇಲೆ ತಿರುಗಿಸುತ್ತ ಬರೆಯುವ ಬಗೆಯನ್ನು ತೋರಿಸಿಕೊಡಲು ಅದೇ ಹಿರಿಯರು ಒಪ್ಪಿದ್ದಾರೆ.